ಗವಸಿನೊಳಗಿನ ತುಂಡು

"ಎತ್ರಲೇ ಬಡ್ಡೀಮಕ್ಳಾ! ಇಪ್ಪತ್ತೊಂದು ಪಂದ್ಯ ಸೋತೋರ್ಗೆ ಒಂದು ದನದ ತೊಡೆ ಎತ್ತಕ್ಕೂ ಸೊಂಟ ಇಲ್ವಾ?"

ಕ್ರೆಲ್ ಧಣಿ ತನ್ನ ಮಾಂಸದಂಗಡಿಯ ಮೆಟ್ಟಿಲ ಮೇಲೆ ನಿಂತು ಕೂಗುತ್ತಿದ್ದ. ಆಗಸ್ಟ್ ತಿಂಗಳು. ಓಹಾಯೋ ನದಿ ಬತ್ತಿ ದಡದ ಕೆಸರು ನಾರುತ್ತಿತ್ತು. ಮಧ್ಯಾಹ್ನ ಬೇಸ್‌ಬಾಲ್ ಆಡಬೇಕಾದ ನಾವು ಒಂಬತ್ತು ಜನ ಬೆಳಗಿನಿಂದ ಮಂಜುಗಡ್ಡೆಯ ಗಾಡಿಯಿಂದ ಅವನ ಸರಕು ಇಳಿಸುತ್ತಿದ್ದೆವು. ತಂಡ ಅವನದು, ಮೈದಾನ ಅವನದು, ದಿನಾ ರಾತ್ರಿ ನಾವು ಸಾಸೇಜು ಉಣ್ಣುವ ಮನೆಯೂ ಅವನದೇ. ಕರಾರಿಗೆ ರುಜು ಹಾಕಿದ ಮೇಲೆ, ಒಬ್ಬ ಧಣಿಯನ್ನು ಬಿಟ್ಟು ಬಂದವನನ್ನು ಇನ್ನೊಬ್ಬ ಧಣಿ ಹತ್ತಿರ ಸೇರಿಸುತ್ತಿರಲಿಲ್ಲ.

ಚೆಂಡು ಎಸೆಯುವವನು ನಾನು. ದಾಂಡಿಗನ ಬೆನ್ನ ಹಿಂದೆ ಕೂತು ಅದನ್ನು ಹಿಡಿಯುವವನು ಕಾರ್ಮಕ್ ಫೀನಿ. ಅವನ ಗವಸು ತೆಳು ತೊಗಲಿನದು. ನನ್ನ ಚೆಂಡಿನ ಪೆಟ್ಟು ತಡೆಯಲೆಂದು ಅಂಗೈಗೆ ಹಸಿ ದನದ ಮಾಂಸದ ತುಂಡೊಂದನ್ನು ಒತ್ತಿಕೊಂಡು ಮೇಲೆ ಗವಸು ಎಳೆದುಕೊಳ್ಳುತ್ತಿದ್ದ. ತುಂಡು ಕೊಡುತ್ತಿದ್ದವನು ಕ್ರೆಲ್. ಆಟ ಮುಗಿದ ಮೇಲೆ ಅದನ್ನು ಅವನಿಗೇ ಹಿಂದಿರುಗಿಸಬೇಕು. ನಾಯಿಗೆ ಹಾಕುತ್ತಾನೆ ಅಂದುಕೊಂಡಿದ್ದೆವು.

ಅವತ್ತು ತೊಡೆಯೊಂದನ್ನು ಹೊತ್ತು ಹಿಂದಿನ ಕೋಣೆಗೆ ಹೋದೆ. ಸಾಸೇಜಿಗೆ ಮಾಂಸ ಕೊಚ್ಚುವ ಮರದ ತೊಟ್ಟಿಯಲ್ಲಿ, ನೊಣಗಳ ಕೆಳಗೆ, ನಿನ್ನೆಯ ತುಂಡು ಬಿದ್ದಿತ್ತು. ಗವಸಿನ ಹೊಲಿಗೆಯ ಅಚ್ಚು ಅದರ ಮೇಲೆ ಹಾಗೇ ಇತ್ತು.

ಫೀನಿಯನ್ನು ಕರೆದು ತೋರಿಸಿದೆ. ಅವನು ಬಗ್ಗಿ ಆ ಅಚ್ಚಿನ ಮೇಲೆ ಬೆರಳಾಡಿಸಿದ.

"ಅಂದ್ರೆ ದಿನಾ ರಾತ್ರಿ ಆ ಮನೇಲಿ ನಾವು ತಿಂತಿರೋದು ನನ್ನ ಬೆವರು, ಕೀವು ಏನ್ಲಾ?"

"ಉಪ್ಪು ಹದವಾಗಿತ್ತು ಬುಡು," ಅಂದ ಬೆನ್ನ ಹಿಂದೆ ಬಂದಿದ್ದ ನಮ್ಮ ತಂಡದ ಮುದುಕ ಟಟಲ್. ಹಾಗೆಂದವನೇ ಗೋಡೆ ಹಿಡಿದು ವಾಂತಿ ಮಾಡಿಕೊಂಡ.

ಫೀನಿಯ ನಡುಬೆರಳು ಮೂರು ದಿನದಿಂದ ಬದನೆಕಾಯಿಯಂತೆ ಊದಿತ್ತು. ಚಳಿಗಾಲದಲ್ಲಿ ಅವನು ಕಲ್ಲು ಕಡೆಯುವವನು. ಮೆಟ್ಟಿಲ ಬಳಿ ಹೋಗಿ ಕೈ ಮುಂದೆ ಹಿಡಿದ.

"ಧಣಿ, ಎರಡು ದಿನ ಬುಟ್ಬುಡಿ. ಇದು ಮುರಿದ್ರೆ ಉಳಿ ಹಿಡಿಯಕಾಗಕಿಲ್ಲ. ಹೆಂಡ್ರು ಮಕ್ಳು ಅವ್ರೆ."

"ಇನ್ನೂ ಒಂಬತ್ತು ಬೆರಳು ಅವೆಯಲ್ಲೋ ಬೋಳಿಮಗನೆ! ಬೇಸಿಗೆ ಪೂರ್ತಿ ನನ್ನ ಮಾಂಸ ತಿಂದಿದ್ದೀಯ. ಆ ಋಣ ಯಾರು ತೀರಿಸ್ತಾರೆ, ನಿಮ್ಮಪ್ಪನಾ?"

ಫೀನಿ ಅವನು ಕೊಟ್ಟ ಹಳಸಿದ ತುಂಡನ್ನು ಅಂಗೈಗೆ ಒತ್ತಿಕೊಂಡು ಗವಸು ಎಳೆದುಕೊಂಡ.

ಆಟ ಶುರುವಾಯಿತು. ನಾನು ಮೆಲ್ಲಗೆ ಎಸೆದೆ. ಎದುರಾಳಿಗಳು ಒಂದೊಂದನ್ನೂ ಬೇಲಿಯಾಚೆ ಅಟ್ಟಿದರು. ಜನ ನಮ್ಮ ಮೇಲೆ ಕೊಳೆತ ಟೊಮ್ಯಾಟೊ ಎಸೆದರು. ಆರನೇ ಇನ್ನಿಂಗ್ಸಿನಲ್ಲಿ ಫೀನಿ ನನ್ನ ಹತ್ತಿರ ನಡೆದು ಬಂದ.

"ಜೋರಾಗಿ ಎಸಿಯೋ. ನನ್ ಕೈ ನೋಡ್ಕಂಡು ನೀನೂ ಕೆಲ್ಸ ಕಳ್ಕತೀಯ."

ಎಸೆದೆ. ಎಂಟನೆಯದರಲ್ಲಿ ಒಣಕಡ್ಡಿ ಮುರಿದಂಥ ಸದ್ದು ನನಗೂ ಕೇಳಿಸಿತು. ಅವನು ಚೆಂಡು ಕೆಳಗೆ ಬಿಡಲಿಲ್ಲ.

ಸೋತೆವು. ಕ್ರೆಲ್ ಪ್ರೇಕ್ಷಕರ ಅಟ್ಟಣಿಗೆಯ ಮುಂದಿನ ಸಾಲಿನಲ್ಲಿ ಬ್ಯಾಂಕಿನ ದೊಡ್ಡ ಮನುಷ್ಯರನ್ನೂ ಅವರ ಹೆಂಡತಿಯರನ್ನೂ ಕೂರಿಸಿಕೊಂಡು, ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಊಟಕ್ಕೆ ತೊಡಗಿದ್ದ. ಬಾಯಲ್ಲಿ ತುತ್ತು ಇರುವಾಗಲೇ ಕೂಗಿದ:

"ಟೋಪಿ ತೆಗೆದು ಈ ಅಮ್ಮಾವ್ರುಗಳ ಕಾಲಿಗೆ ಬಗ್ರಲೇ! ಲೇ ಫೀನಿ, ಮೊದ್ಲು ನನ್ನ ತುಂಡು ಕೊಟ್ಟು ಹೋಗು."

ಫೀನಿ ಟೋಪಿ ತೆಗೆಯಲಿಲ್ಲ. ಮರದ ಮೆಟ್ಟಿಲು ಹತ್ತಿದ. ಹಿಂದೆಯೇ ನಾನು ಹೋದೆ. ಮೇಜಿನ ಮುಂದೆ ನಿಂತು ಕೈಯನ್ನು ನನ್ನ ಕಡೆ ಚಾಚಿದ.

"ಎಳಿ."

ಗವಸು ಎಳೆದೆ. ಬೆರಳು ಹಿಂದಕ್ಕೆ ತಿರುಗಿಕೊಂಡಿತ್ತು. ಅಂಗೈಗೆ ಅಂಟಿದ ತುಂಡು ಅಂಚಿನಲ್ಲಿ ಹಸಿರಾಗಿ, ನಡುವೆ ಕಪ್ಪಾಗಿ ಗಬ್ಬು ನಾರುತ್ತಿತ್ತು. ದನದ ರಕ್ತ ಯಾವುದು, ಅವನದು ಯಾವುದು ತಿಳಿಯುತ್ತಿರಲಿಲ್ಲ. ಅವನು ಅದನ್ನು ಸುಲಿದು ಕ್ರೆಲ್‌ನ ಊಟದ ತಟ್ಟೆಯ ಮೇಲೆ ಬಡಿದ.

"ತಗಳಿ ಧಣಿ, ನಿಮ್ಮ ಋಣ. ನಾವು ದಿನಾ ತಿಂದಿವಿ. ಇವತ್ತು ನೀವ್ ತಿನ್ನಿ."

ಒಬ್ಬಾಕೆ ಮೂಗಿಗೆ ಕರವಸ್ತ್ರ ಒತ್ತಿದಳು. ಕ್ರೆಲ್ ಎದ್ದು ನಿಂತ.

"ಈ ದೇಶದಾಗೆ ಇನ್ನೆಲ್ಲೂ ನೀನು ಚೆಂಡು ಮುಟ್ಟದಂಗೆ ಮಾಡ್ತೀನಿ ಕಣೋ!"

ಫೀನಿ ಆ ಕೈಯನ್ನು ಅವನ ಮುಖದ ಹತ್ತಿರಕ್ಕೆ ಹಿಡಿದ. "ಮಾಡಾಯ್ತಲ್ಲ."

ಕೆಳಗೆ ಬಗ್ಗಲೆಂದು ಸಾಲಾಗಿ ನಿಂತಿದ್ದ ಏಳು ಜನ ಟೋಪಿಗಳನ್ನು ಮತ್ತೆ ತಲೆಗಿಟ್ಟುಕೊಂಡರು. ಅಲ್ಲಿಯತನಕ ನಮ್ಮನ್ನೇ ಮುತ್ತುತ್ತಿದ್ದ ನೊಣಗಳು ಒಂದೊಂದಾಗಿ ಬಂದು ಆ ತಟ್ಟೆಯ ಮೇಲೆ ಕೂತವು.