ಹಾಯಿದೋಣಿ ಯಾರ ಹೆಸರಲ್ಲಿದೆ?

ನಮ್ಮ ಬಂದರಿನಲ್ಲಿ ದೋಣಿ ಕೊಳ್ಳೋದು ಸುಲಭ, ಅದನ್ನ ನೀರಲ್ಲಿ ಕಟ್ಟಿ ನಿಲ್ಲಿಸೋಕೆ ಜಾಗ ಸಿಗೋದೇ ಕಷ್ಟ. ಹಾಗಾಗಿ ಲೆಕ್ಕದ ಮೇಷ್ಟ್ರಿಗೆ ಹಾಯಿದೋಣಿಯೂ ಜಾಗವೂ ಒಟ್ಟಿಗೆ ಸಿಕ್ಕಾಗ ಬೀದಿಯವರೆಲ್ಲ ಖುಷಿಪಟ್ಟರು.

ಮೇಷ್ಟ್ರು ಹೊರದೇಶದವರು. ಹನ್ನೆರಡು ವರ್ಷದಿಂದ ಇಲ್ಲಿನ ಶಾಲೆಯಲ್ಲಿ ಪಾಠ ಹೇಳ್ತಾ, ಹೆಂಡತಿ ಜೊತೆ ಇಲ್ಲೇ ನೆಲೆಯೂರಿದ್ದರು. ದೋಣಿ ಮಾರಿದ ಡಾಕ್ಟರು ಊರು ಬಿಡುವಾಗ, "ದೋಣಿ, ಕಾಗದ, ಜಾಗ ಎಲ್ಲಾ ಇನ್ನು ನಿಮ್ಮದೇ" ಅಂತ ಒಂದು ಫೈಲು ಕೈಗಿಟ್ಟು ಹೋದರು. ಫೈಲು ಬೀರು ಸೇರಿತು.

ಪಕ್ಕದ ಮನೆಯಾಕೆಗೆ ಬಂದರು ಕಚೇರಿಯಲ್ಲಿ ಗುಮಾಸ್ತೆ ಕೆಲಸ. ಒಂದು ದಿನ ಬಟ್ಟೆ ಒಣಹಾಕ್ತಾ ಗೋಡೆಯಾಚೆಯಿಂದ ಕೇಳಿದಳು.

"ಮೇಷ್ಟ್ರೇ, ನೋಂದಣಿಯಲ್ಲಿ ಹೆಸರು ಬದಲಾಯಿಸ್ಕೊಂಡ್ರಾ?"

"ಯಾಕಮ್ಮಾ? ನೋಂದಣಿ ಇಲ್ಲಿಯದ್ದೇ ಅಲ್ವಾ?"

"ಇಲ್ಲಿಯದ್ದೇ. ಹೆಸರು ಮಾತ್ರ ಡಾಕ್ಟರದ್ದು. ಕಟ್ಟೋ ಜಾಗದ ಅನುಮತಿ ಬೇರೇನೇ ಕಾಗದ, ಅದು ದೋಣಿ ಜೊತೆ ತಾನಾಗಿ ಬರಲ್ಲ."

ಮೇಷ್ಟ್ರು ದನಿ ತಗ್ಗಿಸಿದರು. "ನಾನು ಹೊರಗಿನವನು. ಕೇಳೋಕೆ ಹೋಗಿ, ದೋಣಿ ಇಟ್ಕೊಳ್ಳೋ ಹಾಗಿಲ್ಲ ಅಂದುಬಿಟ್ರೆ? ಸುಮ್ಮನಿದ್ರೆ ಯಾರ ತಂಟೆಯೂ ಇಲ್ಲ."

"ಕೇಳೋ ಮುಂಚೇನೇ ಹೆದರಿದ್ರೆ ಹೇಗೆ? ನಾನೇ ಜೊತೆಗೆ ಬರ್ತೀನಿ."

"ನೋಡೋಣ ಬಿಡಮ್ಮಾ."

"ಲೆಕ್ಕ ಹೇಳಿಕೊಡೋರು ನೀವು. ಈ 'ನೋಡೋಣ'ಕ್ಕೆ ಎಷ್ಟು ದಿನ ಅಂತ ಹೇಳಿ!"

ಮೇಷ್ಟ್ರು ನಕ್ಕು ಒಳಗೆ ಹೋದರು.

ರಜೆಯಲ್ಲಿ ಗಂಡ ಹೆಂಡತಿ ತಾಯ್ನಾಡಿಗೆ ಹೊರಟರು. ಅದೇ ವಾರ ಕಚೇರಿಯವರು ನೀರಿಗಿಳಿದು ಸರಪಳಿಗಳನ್ನು ಪರೀಕ್ಷೆ ಮಾಡಿದರು. ಮೇಷ್ಟ್ರ ದೋಣಿ ಹಿಡಿದಿದ್ದ ಸರಪಳಿಯ ಒಂದು ಕೊಂಡಿ ಸವೆದು ಕಡ್ಡಿಯಾಗಿತ್ತು. ಕೂಡಲೇ ಬದಲಾಯಿಸಿ ಅಂತ ಪತ್ರ ಹೋಯಿತು, ದಾಖಲೆಯಲ್ಲಿದ್ದ ಹೆಸರಿಗೆ. ಡಾಕ್ಟರ ಹಳೇ ಮನೆಗೆ ಬೀಗ. ಪತ್ರ ಬಾಗಿಲ ಸಂದಿಯಲ್ಲೇ ಉಳಿಯಿತು. ಅದನ್ನು ಕಳಿಸಿದ್ದು ಬೇರೆ ವಿಭಾಗ, ಹಾಗಾಗಿ ಗುಮಾಸ್ತೆಗೆ ಸುಳಿವೇ ಸಿಗಲಿಲ್ಲ.

ಪತ್ರ ಹೋದ ಹತ್ತನೇ ದಿನ ಮಧ್ಯಾಹ್ನ ಗಾಳಿ ಎದ್ದಿತು. ಸರಪಳಿ ತುಂಡಾಗಿ ಹಾಯಿದೋಣಿ ಅಡ್ಡಡ್ಡ ತೇಲಿ ಬಂತು. ಗುಮಾಸ್ತೆಯ ಅಣ್ಣ ಮೀನುಗಾರ, ದಡದ ಹತ್ತಿರ ತನ್ನ ದೋಣಿಯಲ್ಲಿ ಕೂತು ಬಲೆ ಬಿಡಿಸ್ತಿದ್ದ. ಡಿಕ್ಕಿ ತಪ್ಪಿಸೋಕೆ ಎರಡೂ ಕೈಯಿಂದ ತಳ್ಳಿದ. ಬಲಗೈ ಎರಡು ದೋಣಿಗಳ ನಡುವೆ ಸಿಕ್ಕಿಕೊಂಡಿತು. ಮೂರು ಬೆರಳು ಹೋದವು.

ಸುದ್ದಿ ಕೇಳಿ ಮೇಷ್ಟ್ರು, ಅವರ ಹೆಂಡತಿ ತಾಯ್ನಾಡಿನಿಂದ ಓಡಿಬಂದು ಅವನ ಮನೆಗೆ ಹೋದರು. ಮೀನುಗಾರ ಮಂಚದ ಮೇಲೆ ಕೂತು ಎಡಗೈಯಲ್ಲಿ ಅಂಗಿಯ ಗುಂಡಿ ಹಾಕೋಕೆ ಹೆಣಗ್ತಿದ್ದ. ಸಹಾಯಕ್ಕೆ ಹೋದ ಮೇಷ್ಟ್ರ ಹೆಂಡತಿಗೆ, ಬೇಡ ಅಂತ ತಲೆಯಾಡಿಸಿದ.

"ತಪ್ಪಾಯ್ತಪ್ಪಾ," ಅಂದರು ಮೇಷ್ಟ್ರು.

"ಪತ್ರ ಕೈ ಸೇರಿದ್ರೆ ನೀವು ಸುಮ್ಮನಿರ್ತಿರಲಿಲ್ಲ, ಗೊತ್ತು. ಆದ್ರೆ ನನ್ನ ತಂಗಿ ಮುಂಚೇನೇ ಹೇಳಿದ್ಲಲ್ಲ ಮೇಷ್ಟ್ರೇ."



ಮರುದಿನ ಹೆಂಡತಿಯೇ ಫೈಲು ಹೊರತೆಗೆದಳು. "ಇನ್ನು ನೋಡೋಣ ಗೀಡೋಣ ಬೇಡ. ಏಳಿ."

ಗುಮಾಸ್ತೆ ಜೊತೆಗೆ ಬಂದಳು. ಅಧಿಕಾರಿ ಪಾಸ್‌ಪೋರ್ಟ್, ವಾಸದ ಪರವಾನಗಿ, ಮಾರಾಟದ ಪತ್ರ ನೋಡಿದರು. ನಮ್ಮ ಬಂದರಿನ ನಿಯಮದಂತೆ, ಇಲ್ಲೇ ವಾಸವಿರುವ ಹೊರದೇಶದವರು ದೋಣಿ ಇಟ್ಟುಕೊಳ್ಳಬಹುದಿತ್ತು. ತಾವು ಊರಲ್ಲಿಲ್ಲದಾಗ ನೋಡಿಕೊಳ್ಳೋ ಸ್ಥಳೀಯರೊಬ್ಬರ ಹೆಸರು, ಫೋನ್ ನಂಬರ್ ಕೊಡಬೇಕಿತ್ತು, ಅಷ್ಟೇ. ಕಟ್ಟೋ ಜಾಗ ಮಾತ್ರ ಸರದಿಯಲ್ಲಿ ಮುಂದಿದ್ದವರ ಪಾಲಾಯಿತು. ತಮ್ಮ ಸರದಿ ಬರೋವರೆಗೆ ದೋಣಿ ದಡದ ಮೇಲಿರಲಿ ಅಂತ ಮೇಷ್ಟ್ರು ಸಹಿ ಹಾಕಿದರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. "ಇಷ್ಟೇನಾ?"

"ಇಷ್ಟೇ ಮೇಷ್ಟ್ರೇ," ಅಂದಳು ಗುಮಾಸ್ತೆ. "ಒಂದು ಬೆಳಗಿನ ಕೆಲಸ."

ಈಗ ಶಾಲೆಗೆ ಹೋಗೋ ಮುಂಚೆ ಮೇಷ್ಟ್ರು ಮೀನುಗಾರನ ಬಲೆ ಬಿಡಿಸಿಕೊಡ್ತಾರೆ. ಅವರ ಕೆಲಸ ಒರಟು. ಆತ ಬೈದು ತಿದ್ದುತ್ತಾನೆ.

ಹೊರದೇಶದಿಂದ ಬಂದು ನಮ್ಮ ನಡುವೆ ಬಾಳ್ತಿರೋ ಬಂಧುಗಳೇ, ನಿಯಮ ಒಂದೊಂದು ಕಡೆ ಒಂದೊಂದು ಥರ. ಅವರಿವರ ಮಾತು ನಂಬಬೇಡಿ, ನಿಮ್ಮ ಬಂದರು ಕಚೇರಿಯಲ್ಲೇ ಕೇಳಿ. ದೋಣಿ ಯಾರ ಹೆಸರಲ್ಲಿದೆ, ಕಟ್ಟೋ ಜಾಗ ಯಾರ ಹೆಸರಲ್ಲಿದೆ, ಎರಡನ್ನೂ ಬೇರೆ ಬೇರೆಯಾಗಿ ನೋಡಿ. ಸರಪಳಿ ಪರೀಕ್ಷೆ ಮಾಡಿಸದೆ ಊರು ಬಿಡಬೇಡಿ. ಕಚೇರಿಗೆ ಹೋಗೋಕೆ ಹೆದರಿಕೆಯಾ? ಹೆದರಿಕೊಂಡೇ ಹೋಗಿ, ಆದರೆ ಇವತ್ತೇ ಹೋಗಿ. ನಿಮ್ಮ ದೋಣಿಯ ಪಕ್ಕದಲ್ಲೂ ಯಾರೋ ಒಬ್ಬರು ಕೂತು ದುಡೀತಿದ್ದಾರೆ.