ಇವಳ ಕಡೆಯವರು

"ಟಾರ್ಚ್ ಬೆಳಕು ಸರಿಯಾಗಿ ಬೀಳ್ತಿದ್ಯಾಪ್ಪ?" ಎಂದು ಮಗಳು ಕೇಳಿದಳು. ಅಡುಗೆಮನೆಯ ಸಿಂಕಿನ ಕೆಳಗೆ ಅಂಗಾತ ಮಲಗಿ ಸೋರುವ ಪೈಪನ್ನು ಬಿಗಿ ಮಾಡುತ್ತಿದ್ದ ಅಪ್ಪ "ಹ್ಞೂಂ" ಎಂದ. ಅದೇ ಉಸಿರಿನಲ್ಲಿ ಅವಳು ಹೇಳಿಬಿಟ್ಟಳು: "ನಾನು ದೇವರನ್ನ ನಂಬ್ತೀನಿ."

ಸ್ಪ್ಯಾನರ್ ನಿಂತಿತು. ಪೈಪಿನ ಸಂದಿಯಿಂದ ಒಂದು ಹನಿ ಅವನ ಹಣೆಯ ಮೇಲೆ ಬಿತ್ತು.

"ಸ್ವಲ್ಪ ಎಡಕ್ಕೆ ಹಿಡಿ," ಎಂದ ಅಪ್ಪ. ಬೆಳಕು ಎಡಕ್ಕೆ ಸರಿಯಿತು. "ಯಾವಾಗಿಂದ?"

"ವರ್ಷ ಆಗಿರಬೇಕು. ಅಮ್ಮನಿಗೆ ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ."

"ಅದಕ್ಕೆ, ನಾನು ಎದ್ದು ಓಡೋಕೆ ಆಗದ ಜಾಗದಲ್ಲಿ ಸಿಕ್ಕಿದಾಗ ನನಗೆ ಹೇಳ್ತಿದೀಯ."

ಮಗಳು ನಕ್ಕಳು. ಅಪ್ಪನೂ ನಕ್ಕ. ಆದರೆ ಹೊರಗೆ ಬಂದು ಕೈ ಒರೆಸಿಕೊಳ್ಳುವಾಗ, ದಿನಾ ನೋಡುವ ಆ ಮುಖದಲ್ಲಿ ಏನಾದರೂ ಬದಲಾಗಿದೆಯೇ ಎಂದು ಒಮ್ಮೆ ದಿಟ್ಟಿಸಿ ನೋಡಿದ. ಏನೂ ಬದಲಾಗಿರಲಿಲ್ಲ. ಮೂಗಿನ ತುದಿಗೆ ಎಲ್ಲಿಂದಲೋ ಮಸಿ ಹತ್ತಿತ್ತು.

ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ಅಮ್ಮ ಅಚ್ಚುಕೂಟವೊಂದರಲ್ಲಿ ಕರಡು ತಿದ್ದುವವಳು. ಮದುವೆಗೆ ಮುಂಚೆಯೇ ಇಬ್ಬರೂ ದೇವರನ್ನು ಬಿಟ್ಟಿದ್ದರು. ದೊಡ್ಡ ಜಗಳವಾಡಿ ಬಿಟ್ಟದ್ದಲ್ಲ. ಚಿಕ್ಕದಾದ ಅಂಗಿಯನ್ನು ಬಿಡುವ ಹಾಗೆ ಬಿಟ್ಟದ್ದು. ಅವರ ಮನೆಯಲ್ಲಿ ದೇವರು ವಾದದ ವಿಷಯವಾಗಿರಲಿಲ್ಲ, ವಿಷಯವೇ ಆಗಿರಲಿಲ್ಲ. ಇದ್ದದ್ದು ಒಂದೇ ನೇಮ. ನಿಜ ಅನ್ನಿಸದ್ದನ್ನು ಬಾಯಲ್ಲಿ ಆಡಬಾರದು. ನೆಂಟರ ಮನೆಯ ಊಟ ಚೆನ್ನಾಗಿಲ್ಲದಿದ್ದರೆ ಚೆನ್ನಾಗಿದೆ ಅನ್ನುವ ಬದಲು "ಹೊಟ್ಟೆ ತುಂಬಿತು" ಅನ್ನುವುದನ್ನು ಮಗಳು ಐದನೇ ವಯಸ್ಸಿಗೇ ಕಲಿತಿದ್ದಳು.

ಊಟದ ಹೊತ್ತಿಗೆ ಅಮ್ಮನಿಗೂ ಗೊತ್ತಾಯಿತು.

"ಯಾರಾದ್ರೂ ಹುಡುಗ ಇದಾನಾ?" ಎಂದು ಕೇಳಿದಳು.

"ಇಲ್ಲಮ್ಮ."

"ಮೈ ಹುಷಾರಿಲ್ವಾ?"

"ಚೆನ್ನಾಗಿದೀನಿ."

"ಮತ್ತೆ?" ತಪ್ಪು ಮೂಲ ಪ್ರತಿಯಲ್ಲೇ ಇತ್ತೋ, ಅಚ್ಚಿನಲ್ಲಿ ಬಂದು ಸೇರಿತೋ ಎಂದು ಹುಡುಕುವ ಧಾಟಿ ಅವಳದು. "ನಾವು ಎಲ್ಲಿ ಕಡಿಮೆ ಮಾಡಿದ್ವಿ ಹೇಳು ಗುಬ್ಬಿ."

"ಏನೂ ಕಡಿಮೆ ಮಾಡಿಲ್ಲ. ಏನೋ ಕಡಿಮೆ ಆಯ್ತು ಅಂತ ದೇವರ ಹತ್ರ ಹೋಗಿದ್ದಲ್ಲಮ್ಮ."

ಮಗಳು ವೃದ್ಧಾಶ್ರಮದಲ್ಲಿ ನರ್ಸು. ಅಲ್ಲೊಬ್ಬ ಅಜ್ಜಿ ಇದ್ದರಂತೆ. ಹೆತ್ತ ಮಕ್ಕಳ ಹೆಸರೂ ಮರೆತುಹೋಗಿತ್ತಂತೆ. ಸಂಜೆಯಾದರೆ ಮಾತ್ರ ಎದ್ದು ಕೂತು, ಒಂದಕ್ಷರ ತಪ್ಪದೆ ಪ್ರಾರ್ಥನೆ ಹೇಳುತ್ತಿದ್ದರಂತೆ. "ಬೀಳಬಾರದಲ್ಲ ಅಂತ ನಾನು ಪಕ್ಕದಲ್ಲಿ ಕೂರ್ತಿದ್ದೆ," ಎಂದಳು ಮಗಳು. "ಸುಮ್ಮನೆ ಕೂತಿದೀನಿ ಅಂದ್ಕೊಂಡಿದ್ದೆ. ಒಂದಿನ ನೋಡ್ಕೊಂಡ್ರೆ, ಸುಮ್ಮನೆ ಕೂತಿರಲಿಲ್ಲ."

ಅಪ್ಪನಿಗೆ ಕುತೂಹಲ ತಡೆಯಲಾಗಲಿಲ್ಲ. "ಆಗ ಏನಾಗುತ್ತೆ? ಯಾರಾದ್ರೂ ಮಾತಾಡ್ತಾರಾ?"

"ಮಾತಾಡಲ್ಲ. ಯಾರೋ ಕೇಳಿಸ್ಕೊಳ್ತಿದಾರೆ ಅನ್ಸುತ್ತೆ."

"ನಮ್ಮಲ್ಲೂ ಹಂಗೇ. ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡೋರು ಬೆಲ್ ಒತ್ತಿದ ತಕ್ಷಣ ಅರ್ಧ ಸಮಾಧಾನ ಆಗ್ತಾರೆ. ಎಷ್ಟೋ ಕಡೆ ಆ ಬೆಲ್ಲಿಗೆ ವೈರೇ ಇರಲ್ಲ."

"ಆದ್ರೂ ನೀನು ಬರ್ತೀಯಲ್ಲಪ್ಪ."

ಅಪ್ಪ ಸೋತವನಂತೆ ನಕ್ಕ. ಅಮ್ಮ ಮಾತ್ರ ನಗಲಿಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಅವಳು ಮಗಳ ಪ್ರಾರ್ಥನೆಯ ಪುಸ್ತಕವನ್ನು ಕೇಳಿ ಇಸಿದುಕೊಂಡಳು. ವಾರವಿಡೀ ಕಿಟಕಿಯ ಹತ್ತಿರ ಕೂತು, ಮೊದಲಿಂದ ಕೊನೆಯವರೆಗೆ ಓದಿದಳು. ತಿರುಗಿ ಕೊಡುವಾಗ ಅದರ ತುಂಬ ಪೆನ್ಸಿಲ್ ಗುರುತುಗಳಿದ್ದವು.

"ಏನಮ್ಮ ಇದು?"

"ಅಚ್ಚಿನ ತಪ್ಪು. ಇಷ್ಟು ಜನ ದಿನಾ ಬಾಯಿಬಿಟ್ಟು ಓದ್ತಾರಲ್ಲ, ಒಬ್ಬರ ಕಣ್ಣಿಗೂ ಬೀಳಲಿಲ್ವಾ?" ಎಂದು ಗದರಿಸಿದಳು. ಆಮೇಲೆ ಒಂದು ಪುಟ ತೆರೆದು ತೋರಿಸಿ, "ಸಂಜೆದು ಒಂದಿದೆಯಲ್ಲ. ಅದು ಚೆನ್ನಾಗಿದೆ," ಎಂದಳು. ಅಮ್ಮ 'ಚೆನ್ನಾಗಿದೆ' ಅಂದರೆ ಚೆನ್ನಾಗಿದೆ ಎಂದೇ ಅರ್ಥ.

ತೊಡಕು ಬಂದದ್ದು ಆಮೇಲೆ. ಮಗಳು ವಾರವಾರ ಹೋಗತೊಡಗಿದ್ದ ಪ್ರಾರ್ಥನಾ ಮಂದಿರದವರು ಅವಳನ್ನು ತಮ್ಮೊಳಗೊಬ್ಬಳಾಗಿ ಸೇರಿಸಿಕೊಳ್ಳುವ ದಿನ ಗೊತ್ತಾಯಿತು. ಎಲ್ಲರೆದುರು ತಲೆಯ ಮೇಲೆ ನೀರು ಹಾಕುತ್ತಾರೆ. ಅದಕ್ಕೆ ಮೊದಲು ಹಿರಿಯರು "ಇವಳ ಕಡೆಯವರು ಯಾರು?" ಎಂದು ಕೇಳುತ್ತಾರೆ. ಮನೆಯವರು ಎದ್ದು ನಿಂತು, "ನಾವು ನಂಬುತ್ತೇವೆ, ಇವಳನ್ನು ಒಪ್ಪಿಸುತ್ತೇವೆ" ಎನ್ನಬೇಕು.

"ಅಷ್ಟೇ ತಾನೆ? ಹೇಳಿದ್ರಾಯ್ತು," ಎಂದ ಅಪ್ಪ.

"ಆಯ್ತಾ? ಹಂಗಾದ್ರೆ ಇಷ್ಟು ವರ್ಷ ಇವಳಿಗೆ ಏನು ಹೇಳ್ಕೊಟ್ವಿ?" ಎಂದಳು ಅಮ್ಮ.

"ಒಂದು ವಾಕ್ಯ ಕಣೇ. ಮಗಳಿಗೋಸ್ಕರ."

"ಬೇಡಪ್ಪ," ಎಂದಳು ಮಗಳು. "ನೀವು ಸುಮ್ಮನೆ ಬಾಯಲ್ಲಿ ಹೇಳಿದ್ರೆ ನನಗೆ ಗೊತ್ತಾಗುತ್ತೆ. ಆಮೇಲೆ ಆ ದಿನ ನೆನೆಸ್ಕೊಂಡಾಗೆಲ್ಲ ಅದೇ ಚುಚ್ಚುತ್ತೆ. ಆಶ್ರಮದ ಅಡುಗೆ ಅಕ್ಕ ನಿಂತ್ಕೊಳ್ತೀನಿ ಅಂದಿದಾರೆ. ನೀವು ಹಿಂದೆ ಕೂತು ನೋಡಿ, ಸಾಕು."

ಅಡುಗೆ ಅಕ್ಕನ ಮೇಲೆ ಅಮ್ಮನಿಗೆ ಏನೂ ಸಿಟ್ಟಿರಲಿಲ್ಲ. ಆದರೆ ಅವತ್ತಿಡೀ ಅಚ್ಚುಕೂಟದಲ್ಲಿ ಎದುರಿಗಿದ್ದ ಕರಡಿನ ಒಂದೇ ಪುಟವನ್ನು ಮತ್ತೆ ಮತ್ತೆ ಓದಿದಳು. ಮನೆಗೆ ಬಂದವಳು ಪಾತ್ರೆ ತೊಳೆಯುತ್ತ ಏನನ್ನೋ ಗೊಣಗಿಕೊಳ್ಳುತ್ತಿದ್ದಳು. ಗಂಡ ಹತ್ತಿರ ಬಂದರೆ ಬಾಯಿ ಮುಚ್ಚುತ್ತಿದ್ದಳು.

ಆ ಬೆಳಿಗ್ಗೆ ಮಂದಿರದ ಬೆಂಚುಗಳು ತುಂಬಿದ್ದವು. ಎಲ್ಲರೂ ಎದ್ದಾಗ ಏಳಬೇಕೋ ಬೇಡವೋ ತಿಳಿಯದೆ ಅಪ್ಪ ಅರ್ಧ ಎದ್ದು ಅರ್ಧ ಕೂತ. ಆಮೇಲೆ ಮೇಲಿನ ಫ್ಯಾನು ಯಾಕೆ ಅಲ್ಲಾಡುತ್ತಿದೆ ಎಂದು ನೋಡುತ್ತ ಕುಳಿತ. ಅಮ್ಮ ಜನರ ಮುಖಗಳನ್ನು ನೋಡುತ್ತಿದ್ದಳು. ಬ್ಯಾಂಕಿನ ಕೌಂಟರಿನಲ್ಲಿ ಸದಾ ಸಿಡುಕುವ ಗಂಡಸೊಬ್ಬ ಅಲ್ಲಿ ಕಣ್ಣುಮುಚ್ಚಿ, ತುಟಿ ಅಲುಗಿಸುತ್ತ, ಬೇರೆ ಯಾರೋ ಆಗಿ ಕೂತಿದ್ದ. ಅವನಿಂದ ಕಣ್ಣು ಕೀಳಲು ಅವಳಿಗೆ ಆಗಲಿಲ್ಲ.

ಮಗಳು ಮುಂದೆ ಹೋಗಿ ನಿಂತಳು. ಬಿಳಿ ಗಡ್ಡದ ಹಿರಿಯರು ಕೇಳಿದರು: "ಇವಳ ಕಡೆಯವರು ಯಾರು?"

ಮುಂದಿನ ಸಾಲಿನಲ್ಲಿ ಅಡುಗೆ ಅಕ್ಕ ಏಳಲು ಬೆಂಚಿನ ತುದಿ ಹಿಡಿದರು. ಅಷ್ಟರಲ್ಲಿ ಹಿಂದೆ ಅಮ್ಮ ಎದ್ದು ನಿಂತಾಗಿತ್ತು.

"ನಾವು," ಎಂದಳು. "ನಾವು ಇವಳ ಅಪ್ಪ, ಅಮ್ಮ. ನಾವು ನಂಬೋರಲ್ಲ. ನಂಬ್ತೀವಿ ಅಂತ ಹೇಳೋಕೆ ಬಂದಿಲ್ಲ." ಬೆಂಚುಗಳಲ್ಲಿ ತಲೆಗಳು ಹಿಂದೆ ತಿರುಗಿದವು. "ಇವಳು ಸುಳ್ಳು ಹೇಳೋ ಹುಡುಗಿ ಅಲ್ಲ. ಇವಳು ನಂಬ್ತೀನಿ ಅಂದ್ರೆ ನಂಬ್ತಾಳೆ. ಅದು ಮಾತ್ರ ನಮಗೆ ಗೊತ್ತು. ಒಪ್ಪಿಸೋದು ಅಂದ್ರೆ... ಒಪ್ಪಿಸೋದಿಲ್ಲ. ಸಂಜೆಗೆ ಮನೆಗೆ ಬರ್ತಾಳೆ. ಆದ್ರೆ ನಾವು ಇವಳ ಕಡೆಯವರು."

ಅಪ್ಪನೂ ಎದ್ದು ನಿಂತ. "ಹೌದು," ಎಂದ.

ಹಿರಿಯರು ಕೈಯಲ್ಲಿದ್ದ ಪುಸ್ತಕವನ್ನೊಮ್ಮೆ ನೋಡಿದರು. ಮುಂದಿನ ಮಾತು ಅದರಲ್ಲಿ ಇದ್ದಂತೆ ಕಾಣಲಿಲ್ಲ. ಅದನ್ನು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡರು. "ಸಂಜೆಗೆ ಕಳಿಸ್ತೀವಮ್ಮ," ಎಂದರು. ಎಲ್ಲೋ ಒಬ್ಬ ಮುದುಕಿ ಕಿಸಕ್ಕನೆ ನಕ್ಕಳು. ಮಗಳು ತಿರುಗಿ ನೋಡಲಿಲ್ಲ. ಅವಳ ಹೆಗಲು ಮಾತ್ರ ಅಲುಗುತ್ತಿತ್ತು. ಅಳುವೋ ನಗುವೋ ಹಿಂದಿನಿಂದ ತಿಳಿಯುವಂತಿರಲಿಲ್ಲ. ಹಿರಿಯರು ತಂಬಿಗೆ ಎತ್ತಿದರು.

ಅವಳು ಸಂಜೆಯವರೆಗೆ ನಿಲ್ಲಲಿಲ್ಲ. ಅಪ್ಪ ಅಮ್ಮ ಬಸ್ ಸ್ಟಾಪಿಗೆ ಬಂದು ನಿಂತಿದ್ದಾಗ, ರಸ್ತೆಯ ಆಚೆಯಿಂದ ಓಡುತ್ತ ಬಂದಳು. ಕೂದಲಿಂದ ನೀರು ಇಳಿದು ಕುಪ್ಪಸದ ಬೆನ್ನು ಒದ್ದೆಯಾಗಿತ್ತು.

"ತಣ್ಣೀರಾ?" ಎಂದು ಕೇಳಿದಳು ಅಮ್ಮ.

"ಹ್ಞೂಂ."

"ಒಂಚೂರು ಬೆಚ್ಚಗೆ ಮಾಡಿ ಹಾಕಿದ್ರೆ ಏನಾಗ್ತಿತ್ತು ಅವರಿಗೆ? ತಿರುಗು."

ಮಗಳು ಬೆನ್ನು ಕೊಟ್ಟು ನಿಂತಳು. ಅಮ್ಮ ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡು, ಅವಳ ಕೂದಲನ್ನು ಒತ್ತಿ ಒತ್ತಿ ಒರೆಸತೊಡಗಿದಳು. ಬಸ್ಸು ಬಂತು. ಅಪ್ಪ ಒಂದು ಕಾಲನ್ನು ಮೆಟ್ಟಿಲ ಮೇಲೆ, ಇನ್ನೊಂದನ್ನು ರಸ್ತೆಯ ಮೇಲೆ ಇಟ್ಟುಕೊಂಡು, ಕಂಡಕ್ಟರನಿಗೆ ಸ್ವಲ್ಪ ತಡಿ ಎಂದು ಕೈ ಮಾಡುತ್ತ ನಿಂತ.