ನೋಲೀನಳ ಹಸಿರು ದಾರಿ

ಕ್ಲಿಫ್ ಎರಡೂ ಬ್ರೇಕನ್ನು ಒಟ್ಟಿಗೆ ಒತ್ತಿದ. ಸೈಕಲ್ಲಿಗೆ ಕಟ್ಟಿದ್ದ ಹಿಂಬಂಡಿಯಲ್ಲಿ ಮಲಗಿದ್ದ ಹೆಂಡತಿ ಪೆಟ್ಟಿಗೆಯ ಸಮೇತ ಮುಂದಕ್ಕೆ ಜಾರಿ ಅವನ ಸೀಟಿಗೆ ಮೆತ್ತಗೆ ಗುದ್ದಿದಳು. ಮದುವೆಯಾದಾಗಿನಿಂದ ಅವಳು ಅವನನ್ನು ಹಿಂದಿನಿಂದ ತಳ್ಳಿದ್ದು ಕಮ್ಮಿಯೆಂದರೂ ಲಕ್ಷ ಸಲ. ಇದು ಕೊನೆಯದು.

"ಯಾಕಪ್ಪಾ ನಿಲ್ಸಿದೆ?" ಹಿಂದೆ ಸೈಕಲ್ಲಿನಲ್ಲಿ ಬರುತ್ತಿದ್ದ ಮಗಳು ಡಯಾನ್ ಕೂಗಿದಳು.

"ಸರ್ಕಾರ ಅಡ್ಡ ಬಂತು."

ಚರ್ಚಿನ ಮುಂದೆ, ಹಸಿರು ಬಳಿದ ಸೈಕಲ್ ದಾರಿಯ ಉದ್ದಕ್ಕೂ ಸರ್ಕಾರಿ ಗಾಡಿಗಳು ಸಾಲಾಗಿ ನಿಂತಿದ್ದವು. ನೀರಿನವರ ವ್ಯಾನು, ಪಾರ್ಕಿನವರ ಲಾರಿ, ಕಸದ ಲಾರಿ, ಬೀದಿನಾಯಿ ಹಿಡಿಯುವವರ ಗಾಡಿ, ಅಡ್ಡಾದಿಡ್ಡಿ ನಿಲ್ಲಿಸಿದವರಿಗೆ ದಂಡ ಹಾಕುವವರ ಕಾರು ಕೂಡ! ಇಡೀ ನ್ಯೂಜಿಲೆಂಡಿನಲ್ಲಿ ತನಗೆ ಇಷ್ಟು ಗಾಡಿಗಳಿವೆಯೆಂದು ಸರ್ಕಾರಕ್ಕೇ ಗೊತ್ತಿರಲಿಲ್ಲ. ಎಲ್ಲದರ ನೆತ್ತಿಯ ಮೇಲೂ ಕಿತ್ತಳೆ ದೀಪ ಮಿನುಗುತ್ತಿತ್ತು. ಆ ದೀಪವೊಂದನ್ನು ಹಾಕಿಬಿಟ್ಟರೆ ಸ್ವರ್ಗದ ಬಾಗಿಲಿಗೆ ಅಡ್ಡ ನಿಲ್ಲಿಸಿದರೂ ದೇವರು ಪಕ್ಕದಲ್ಲಿ ನುಸುಳಿಕೊಂಡು ಹೋಗುತ್ತಾನೆ ಎಂಬುದು ನಮ್ಮ ಟಾವಾರಾ ಊರಿನ ಡ್ರೈವರುಗಳ ಅಚಲ ನಂಬಿಕೆ.

"ಇವರೆಲ್ಲ ಅಮ್ಮನ್ನ ಕಳಿಸಿಕೊಡೋಕೆ ಬಂದೋರಲ್ವಾ?"

"ಇನ್ಯಾರು? ಆಂಟಿ ಆಂಟಿ ಅಂತ ಪ್ರಾಣ ಬಿಡೋರು. ಎಷ್ಟು ಪ್ರೀತಿ ನೋಡು, ಅವಳ ದಾರೀಲೇ ಗಾಡಿ ಬಿಟ್ಟು ಒಳಗೆ ಹೋಗಿ ಅಳ್ತಾ ಕೂತಿದಾರೆ."

ಡಯಾನಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. "ಹೋಗ್ಲಿ, ಸ್ವಲ್ಪ ದೂರ ತಾನೆ. ಕಾರ್ ರಸ್ತೆಗೆ ಇಳಿದು ಸುತ್ತಿಕೊಂಡು ಹೋಗೋಣ."

"ಆಗಲ್ಲ. ಅವಳಿಗೆ ಮಾತು ಕೊಟ್ಟಿದೀನಿ."

*

ಕ್ಲಿಫ್‌ನ ಹೆಂಡತಿ ನೋಲೀನ್ ಶಾಲೆಮಕ್ಕಳ ಯೂನಿಫಾರಂ ಹೊಲಿದು ಸೈಕಲ್ಲಿನಲ್ಲಿ ಮನೆಮನೆಗೆ ಮುಟ್ಟಿಸುತ್ತಿದ್ದವಳು. ಟಾವಾರಾದ ಗಾಳಿಗೆ ಕಡಲಹಕ್ಕಿಗಳೇ ಹಾರುವ ಆಸೆ ಬಿಟ್ಟು ಫುಟ್‌ಪಾತಿನಲ್ಲಿ ನಡೆದುಹೋಗುತ್ತವೆ. ಅವಳು ಮಾತ್ರ ಎದುರುಗಾಳಿಗೆ ತಲೆ ತಗ್ಗಿಸಿ, ಗುಡ್ಡವನ್ನೇ ಬೈಯುತ್ತ ತುಳಿಯುತ್ತಿದ್ದಳು. ಒಂದು ದಿನ ಹಸಿರು ದಾರಿಗೆ ಸರ್ಕಾರಿ ವ್ಯಾನೊಂದು ಅಡ್ಡ ನಿಂತಿತ್ತು. ಸುತ್ತಿಕೊಂಡು ಹೋಗಲೆಂದು ಕಾರ್ ರಸ್ತೆಗೆ ಇಳಿದಳು. ಹಿಂದಿನಿಂದ ಹಾಲಿನ ಟ್ಯಾಂಕರು ಸವರಿಕೊಂಡು ಹೋಯಿತು. ಹಾರಿದವಳು ಮೂರು ಬೀದಿಯಾಚೆ ಬಿದ್ದಳು ಎಂದು ಊರವರು ಹೇಳುತ್ತಾರೆ. ಸುಳ್ಳು, ಎರಡೇ ಬೀದಿ.

ಹೆಗಲ ಮೂಳೆ ಮುರಿದು ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವಳು ಕ್ಲಿಫ್‌ನ ಕೈ ಹಿಡಿದಳು.

"ಇನ್ನು ಯಾವನಿಗೂ ಹೆದರಿ ಆ ಹಸಿರು ಬಿಟ್ಟು ಇಳಿಯಲ್ಲ ಕಣೋ. ನನ್ನ ಕಳಿಸುವಾಗ್ಲೂ ಇಳಿಸ್ಬೇಡ."

"ನಿನ್ನ ಇಳಿಸೋಕೆ ಯಾರಿಂದಾಗತ್ತೆ ಮಾರಾಯ್ತಿ," ಎಂದು ನಕ್ಕ ಕ್ಲಿಫ್. ಆದರೂ ಒಪ್ಪಿಕೊಂಡ.

*

ಮೂಳೆ ಕೂಡಿದ ಮೇಲೆ ಮೊದಲ ಸಲ ಹೊರಟ ದಿನವೇ ನೀರಿನವರ ವ್ಯಾನು ಅಡ್ಡ ಸಿಕ್ಕಿತು. ಡ್ರೈವರ್ ರಾವಿರಿ, ಆನೆಯಂಥ ಆಳು, ಕಿಟಕಿಯಿಂದ ಕೈ ಬೀಸಿದ.

"ಎರಡೇ ನಿಮಿಷ ಆಂಟಿ!"

"ಆಗ್ಲಪ್ಪಾ. ನಾನೂ ಕಾಯ್ತೀನಿ."

ಸೈಕಲ್ ನಿಲ್ಲಿಸಿ ಫ್ಲಾಸ್ಕು ತೆರೆದಳು. ಅವನಿಗೂ ಒಂದು ಲೋಟ ಟೀ ಕೊಟ್ಟಳು. ಬೈಗುಳಕ್ಕೆ ತಯಾರಾಗಿದ್ದವನಿಗೆ ಶುಂಠಿ ಬಿಸ್ಕತ್ತು ಸಿಕ್ಕಿದರೆ ಏನು ಮಾಡಿಯಾನು? ತಾಯಿಯ ಕಾಯಿಲೆ ಹೇಳಿಕೊಂಡ, ಬಿಟ್ಟುಹೋದ ಹುಡುಗಿಯ ಕತೆ ಹೇಳಿಕೊಂಡ. ಆ ಎರಡು ನಿಮಿಷ ಮುಗಿಯುವಷ್ಟರಲ್ಲಿ ಅವನ ಗಡ್ಡ ಎದೆಯವರೆಗೆ ಬೆಳೆದಿತ್ತು.

"ಆಂಟಿ, ನನ್ನ ಪ್ಯಾಂಟು ಹಿಂದೆ ಸ್ವಲ್ಪ..."

"ಕಂಡೆ ಕಣೋ. ಇಡೀ ಊರೇ ಕಂಡಿದೆ. ಬಿಚ್ಚಿ ಕೊಡು."

ಅವನು ಟವೆಲ್ ಸುತ್ತಿಕೊಂಡು ವ್ಯಾನಿನ ಮರೆಯಲ್ಲಿ ನಿಂತ. ಅವಳು ದಾರಿಯ ಅಂಚಿನಲ್ಲಿ ಕೂತು ಹೊಲಿದು ಕೊಟ್ಟಳು.

ಆಮೇಲೆ ಗಾಡಿಗಳು ಅಡ್ಡ ನಿಲ್ಲುವುದು ಕಮ್ಮಿಯಾಯಿತೇ? ಎಲ್ಲಿಯ ಮಾತು! ಸರ್ಕಾರದ ಹರಿದ ಪ್ಯಾಂಟುಗಳೆಲ್ಲ ಹಸಿರು ದಾರಿಗೇ ಬರತೊಡಗಿದವು.

*

ಡಯಾನ್ ಚರ್ಚಿನ ಬಾಗಿಲನ್ನು ದೂಡಿದಳು.

"ಯಾರ್ಯಾರ ಗಾಡಿ ಸೈಕಲ್ ದಾರೀಲಿದೆ?"

ಅರ್ಧ ಚರ್ಚು ಎದ್ದು ನಿಂತಿತು. ಉಳಿದರ್ಧ ಅವರನ್ನು ತಿರುಗಿ ನೋಡಿತು.

"ಎರಡೇ ನಿಮಿಷ ಅಂತ..." ರಾವಿರಿ ಕರವಸ್ತ್ರದಲ್ಲಿ ಮೂಗೊರೆಸಿಕೊಳ್ಳುತ್ತ ತೊದಲಿದ.

"ಅಮ್ಮ ಪೆಟ್ಟಿಗೇಲಿ ಕಾಯ್ತಿದಾಳೆ, ಬನ್ರೋ!"

ಕರೀ ಕೋಟುಗಳು ಬಾಗಿಲಲ್ಲಿ ಸಿಕ್ಕಿಕೊಂಡು, ಬಿಡಿಸಿಕೊಂಡು ಓಡಿಬಂದವು. ಒಂದೊಂದೇ ಗಾಡಿ ಕಾರ್ ರಸ್ತೆಗೆ ಇಳಿದು ಅಲ್ಲೇ ನಿಂತಿತು. ಕಾರುಗಳು ಆಸ್ಟ್ರೇಲಿಯಾದವರೆಗೂ ಸಾಲುಗಟ್ಟಿದವು. ಒಬ್ಬ ಹಾರನ್ ಹೊಡೆದ. ಕಸದ ಲಾರಿಯವನು ಇಳಿದುಹೋಗಿ ಅವನ ಕಿಟಕಿಗೆ ಬಾಗಿ, "ನಮ್ಮ ಆಂಟಿ ಹೋಗ್ತಿದಾಳೆ, ಟೋಪಿ ತೆಗೀ," ಅಂದ. ಅವನು ತೆಗೆದ.

ಕ್ಲಿಫ್‌ನ ಮೂಗಿನೆದುರಿಗಿದ್ದ ರಾವಿರಿಯ ವ್ಯಾನು ಮಾತ್ರ ಕೆಮ್ಮಿ ಸುಮ್ಮನಾಯಿತು. ಮತ್ತೆ ಕೆಮ್ಮಿತು. ನೆತ್ತಿಯ ದೀಪವೂ ಆರಿತು.

"ದೀಪ ಉರಿದು ಉರಿದು ಬ್ಯಾಟರಿ ಇಳಿದ್ಹೋಯ್ತು ಅಂಕಲ್." ರಾವಿರಿ ಕಿಟಕಿಯಿಂದ ತಲೆ ಹೊರಹಾಕಿದ. "ಕಾರುಗಳನ್ನೆಲ್ಲ ನಿಲ್ಸಿದೀವಿ, ಏನೂ ಆಗಲ್ಲ. ಈ ಕಡೆಯಿಂದ ಸುತ್ತಿಕೊಂಡು ಬಂದ್ಬಿಡಿ."

"ಅವಳೂ ಹಾಗೇ ಸುತ್ತಿಕೊಂಡು ಹೋಗಿದ್ದಳಪ್ಪಾ, ಒಂದ್ಸಲ." ಕ್ಲಿಫ್ ಕಾಲೂರಿ ನಿಂತ. "ನಾವು ಕಾಯ್ತೀವಿ."

ಹನಿ ಶುರುವಾಯಿತು. ಪಾದ್ರಿಯಮ್ಮ ಕೊಡೆ ಹಿಡಿದು ಹೊರಬಂದಳು. ಒಳಗಿದ್ದವರೂ ಒಬ್ಬೊಬ್ಬರಾಗಿ ಬಂದು ಸುಮ್ಮನೆ ನೆನೆಯುತ್ತ ನಿಂತರು. ದಾರಿಯೆಲ್ಲ ಒದ್ದೆಯಾಗಿ ಕಡುಹಸಿರಾಯಿತು.

ಪೆಟ್ಟಿಗೆಯ ಮೇಲೆ ಬಿದ್ದ ಹನಿಗಳನ್ನು ರಾವಿರಿ ಒಂದು ಗಳಿಗೆ ನೋಡಿದ. ಆಮೇಲೆ ಕೋಟು ಬಿಚ್ಚಿ ಅದರ ಮೇಲೆ ಹೊದಿಸಿದ. ವ್ಯಾನಿನ ಹಿಂದೆ ಹೋಗಿ ಹೆಗಲು ಕೊಟ್ಟ. ಕಸದ ಲಾರಿಯವನು ಬಂದ, ನಾಯಿ ಹಿಡಿಯುವವನು ಬಂದ, ದಂಡ ಹಾಕುವವಳು ಎತ್ತರದ ಹಿಮ್ಮಡಿಯ ಬೂಟು ಕಳಚಿಟ್ಟು ಬಂದಳು. ಡಯಾನ್ ಒಳಗೆ ಕೂತು ಸ್ಟೇರಿಂಗ್ ಹಿಡಿದಳು.

"ಒಟ್ಟಿಗೆ!" ಎಂದು ರಾವಿರಿ ಗುಡುಗಿದ. ಆ ಗುಡುಗಿಗೆ ಚಿಲಿ ದೇಶದಲ್ಲಿ ಕಿಟಕಿಗಳು ಅದುರಿದವು.

ವ್ಯಾನು ಅಲುಗಿತು, ಉರುಳಿತು, ನಿಧಾನಕ್ಕೆ ರಸ್ತೆಗೆ ಇಳಿಯಿತು. ಅದು ನಿಂತಿದ್ದಷ್ಟು ಜಾಗ ಒಣಗಿಯೇ ಇತ್ತು; ನೆನೆದ ದಾರಿಯ ನಡುವೆ ಹಾಸಿಟ್ಟಂತೆ ತಿಳಿಹಸಿರಾದ ಒಂದು ಚೌಕ. ಕ್ಲಿಫ್ ಪೆಡಲು ತುಳಿದ. ಒಣಗಿದ ಆ ಹಸಿರಿನ ಮೇಲೆ ಸೈಕಲ್ಲಿನದೊಂದು, ಹಿಂಬಂಡಿಯದೆರಡು ಒದ್ದೆಯ ಗೆರೆಗಳು, ಎಲ್ಲೂ ಬಳುಕದೆ, ಚರ್ಚಿನ ಕಡೆಗೆ ನೇರವಾಗಿ ಮೂಡಿದವು.